ತಡವಾಗಿ ಬರುವ ದನಿ

ತನ್ನ ದನಿಯನ್ನು ಮೊದಲ ಸಲ ಯಂತ್ರದಲ್ಲಿ ಕೇಳಿಸಿಕೊಂಡ ಮನುಷ್ಯ ಮಾಡುವ ಮೊದಲ ಕೆಲಸವೆಂದರೆ ಅದನ್ನು ನಿರಾಕರಿಸುವುದು. ‘ಇದು ನಂದಲ್ಲ ಬಿಡ್ರಿ’ ಎಂದುಬಿಡುತ್ತಾನೆ. ಮುಖದ ವಿಷಯದಲ್ಲಿ ನಾವು ಇಷ್ಟು ನಿಷ್ಠುರರಲ್ಲ. ಫೋಟೋ ಕೆಟ್ಟದಾಗಿ ಬಂದರೆ ಕ್ಯಾಮೆರಾವನ್ನೋ ಬೆಳಕನ್ನೋ ದೂರಿ ಮುಖವನ್ನು ನಮ್ಮಲ್ಲೇ ಉಳಿಸಿಕೊಳ್ಳುತ್ತೇವೆ. ದನಿಯನ್ನು ಮಾತ್ರ ಯಾರದೋ ಕೂಸಿನಂತೆ ಯಂತ್ರದ ಬಾಗಿಲಲ್ಲೇ ಬಿಟ್ಟು ಬರುತ್ತೇವೆ. ಭೌತಶಾಸ್ತ್ರದ ಅಧ್ಯಾಪಕನಾದ ನಾನು ಇದರ ಕಾರಣವನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುತ್ತೇನೆ: ನಮ್ಮ ದನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲ, ತಲೆಬುರುಡೆಯ ಎಲುಬಿನ ಮೂಲಕವೂ ಕೇಳಿಸುತ್ತದೆ, ಆ ಎಲುಬಿನ ಪಾಲು ಯಂತ್ರಕ್ಕೆ ದಕ್ಕುವುದಿಲ್ಲ. ವಿವರಣೆ ಸರಿಯಾಗಿಯೇ ಇದೆ. ಆದರೆ ವಿವರಣೆ ಸರಿಯಾಗಿರುವುದಕ್ಕೂ ಮೈಮೇಲಿನ ಕೂದಲು ಸುಮ್ಮನೆ ಮಲಗಿರುವುದಕ್ಕೂ ಯಾವ ಸಂಬಂಧವೂ ಇಲ್ಲವೆಂದು ನನಗೆ ಗೊತ್ತಾದದ್ದು ಕಮಲಾಪುರದಲ್ಲಿ, ನನ್ನ ಚಿಗವ್ವನ ಮನೆಯಲ್ಲಿ.

ಚಿಗವ್ವ ನನ್ನ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಇಬ್ಬರ ಮುಖದಲ್ಲಿ ಹೋಲಿಕೆ ಅಷ್ಟಕ್ಕಷ್ಟೆ, ದನಿ ಮಾತ್ರ ಒಂದೇ ಅಚ್ಚಿನದು. ಪಕ್ಕದ ಕೋಣೆಯಿಂದ ಕರೆದರೆ ಯಾರಿಗೆ ‘ಓ’ ಅನ್ನಬೇಕೆಂದು ಮಕ್ಕಳಾದ ನಾವೇ ಗೊಂದಲಪಡುತ್ತಿದ್ದೆವು. ಮದುವೆ ಮನೆಗಳಲ್ಲಿ ಇಬ್ಬರೂ ಜೋಡಿಯಾಗಿ ಹಾಡುತ್ತಿದ್ದರು. ಅದರಲ್ಲೂ ಅವರ ತವರಿನ ಕಡೆಯದೊಂದು ಪದವಿತ್ತು. ಗಂಡನ ಮನೆಗೆ ಹೊರಟ ತಂಗಿ ಹಾದಿ ಕೇಳುತ್ತಾಳೆ, ಅಕ್ಕ ಹೇಳುತ್ತಾಳೆ. ಹಳ್ಳ ಬಂತು ಯಾವ ಕಡೆ, ಹುಣಸಿ ಗಿಡ ಬಂತು ಯಾವ ಕಡೆ ಎಂದು ತಿರುವಿಗೊಂದು ಪ್ರಶ್ನೆ, ತಿರುವಿಗೊಂದು ಉತ್ತರ. ಕೇಳುವ ಸೊಲ್ಲುಗಳೆಲ್ಲ ಚಿಗವ್ವನವು, ಹೇಳುವ ಸೊಲ್ಲುಗಳೆಲ್ಲ ಅವ್ವನವು. ಅವ್ವ ತೀರಿಕೊಂಡ ಮೇಲೆ ಪದ ಅರ್ಧವಾಯಿತು. ಚಿಗವ್ವನ ಬಳಿ ಪ್ರಶ್ನೆಗಳಷ್ಟೇ ಉಳಿದವು. ಅವ್ವನ ಫೋಟೋಗಳು ನಮ್ಮಲ್ಲಿ ಸಾಕಷ್ಟಿವೆ, ದನಿ ಮಾತ್ರ ಯಾವ ಯಂತ್ರದಲ್ಲೂ ಇಲ್ಲ.

ಉಳಿದ ಅರ್ಧವನ್ನಾದರೂ ಹಿಡಿದಿಡೋಣವೆಂಬ ಹುಕಿ ನನಗೆ ಹುಟ್ಟಿದ್ದು ಪರಿಚಯದವರೊಬ್ಬರು ತಮ್ಮ ಧ್ವನಿಮುದ್ರಣದ ಕೋಣೆಯನ್ನು ಮುಚ್ಚುವಾಗ ಅಲ್ಲಿನ ಸೌಂಡ್ ಕಾರ್ಡೊಂದನ್ನು ನನ್ನ ಕೈಗಿಟ್ಟಾಗ. ಅಂಗೈಗಿಂತ ತುಸು ಉದ್ದದ ಹಲಗೆ ಅದು. ಮೈಕಿನಿಂದ ಬಂದ ದನಿಯನ್ನು ಅಂಕಿಗಳಾಗಿಸಿ ಕಂಪ್ಯೂಟರಿಗೆ ಕೊಡುವುದೂ, ಕಂಪ್ಯೂಟರ್ ಕೊಟ್ಟ ಅಂಕಿಗಳನ್ನು ಮತ್ತೆ ದನಿಯಾಗಿಸುವುದೂ ಅದರ ಕಾಯಕ. ಪಟ್ಟಣದ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಕಣ್ಣಿಗೆ ಬಿದ್ದ ಖಾಲಿ ಸ್ಲಾಟಿಗೆ ಅದನ್ನು ತುರುಕಿ, ಮುಚ್ಚಳ ಮುಚ್ಚಿ, ದೊಡ್ಡ ಶಸ್ತ್ರಚಿಕಿತ್ಸೆ ಮುಗಿಸಿದವನಂತೆ ಕೈ ತೊಳೆದುಕೊಂಡೆ. ಡಬ್ಬಿಯನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಮದುಮಗನಿಗೆ ಬಾಸಿಂಗ ಕಟ್ಟುವಷ್ಟು ಮುತುವರ್ಜಿಯಿಂದ ಬೆಲ್ಟು ಬಿಗಿದು, ಕಮಲಾಪುರಕ್ಕೆ ಹೊರಟೆ.

ಬೇಸಿಗೆಯ ಮಧ್ಯಾಹ್ನ. ಸದ್ದಾಗಬಾರದೆಂದು ಕಿಟಕಿ ಮುಚ್ಚಿಸಿದೆ, ಫ್ಯಾನು ಆರಿಸಿದೆ. ಮನೆಯ ಹಿಂದೆ ಚಿಗವ್ವನ ಮಗನ ಕೆಂಪು ಬಾಳೆಯ ತೋಟ. ಅದರ ಎಲೆಗಳು ಒಂದಕ್ಕೊಂದು ಉಜ್ಜುವ ಸದ್ದು ಮುಚ್ಚಿದ ಕಿಟಕಿಯಾಚೆಯಿಂದ ಯಾರೋ ಹೊಸ ಸೀರೆ ಉಟ್ಟು ಅಡ್ಡಾಡಿದ ಹಾಗೆ ಕೇಳಿಸುತ್ತಿತ್ತು. ಹಾಡುವವರು ತಮ್ಮ ದನಿಯನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಹಾಡಬೇಕೆಂಬುದು ಧ್ವನಿಮುದ್ರಣದ ಸಂಪ್ರದಾಯವೆಂದು ಎಲ್ಲೋ ಓದಿದ್ದೆ. ಹಾಗಾಗಿ ಚಿಗವ್ವನ ಸೆರಗು ಸರಿಸಿ ಕಿವಿಗೆ ಹೆಡ್‌ಫೋನ್ ಕೂರಿಸಿದೆ. ಆಕೆ ಕಣ್ಣು ಮುಚ್ಚಿ ಮೊದಲ ಪ್ರಶ್ನೆ ಹಾಡಿದಳು. ನಿಲ್ಲಿಸಿದಳು. ಮರುಗಳಿಗೆ ಆಕೆಯ ಮುಖ ಬದಲಾಯಿತು. ಕತ್ತಲೆಯಲ್ಲಿ ಕೈಗೆ ಕೈ ತಾಗಿದವರ ಹಾಗೆ ಇಡೀ ಮೈ ಒಮ್ಮೆ ಸೆಟೆದು, ಸಡಿಲಾಯಿತು.

“ಅಕ್ಕ ಬಂದಾಳ,” ಎಂದಳು ಮೆಲ್ಲಗೆ.

ಆಮೇಲೆ ಉತ್ತರದ ಸೊಲ್ಲನ್ನು ತಾನೇ ಹಾಡಿದಳು, ಎಂದೂ ಮರೆಯದವಳ ಹಾಗೆ.

ಏನಾಗಿದೆಯೆಂದು ನನಗೆ ತಿಳಿಯದೆ ಇರಲಿಲ್ಲ. ನಾನು ತುರುಕಿದ ಕಾರ್ಡು ಮಂದಗತಿಯದಾಗಿತ್ತು. ಆಕೆ ಹಾಡಿದ್ದು ಯಂತ್ರದೊಳಗೆ ಅಲೆದಾಡಿ ತಡವಾಗಿ ಆಕೆಯ ಕಿವಿಗೇ ಮರಳುತ್ತಿತ್ತು, ಅಷ್ಟೆ. ಆದರೆ ಬಂದದ್ದು ಆಕೆಯದೇ ದನಿ ಎಂದು ಹೇಳಲು ಬಾಯಿ ಬರಲಿಲ್ಲ. ಒಂದೊಂದು ಪ್ರಶ್ನೆ ಹಾಡಿ, ಕಾದು, ತಲೆಯಾಡಿಸಿ, ಒಂದೊಂದು ಉತ್ತರ ಹಾಡುತ್ತ ಹೋದಳು. ಬಾಗಿಲಲ್ಲಿ ನಿಂತಿದ್ದ ಸೊಸೆ ಭಾಗ್ಯ ನನ್ನನ್ನು ಹೊರಗೆ ಕರೆದು, “ಭಾವನೋರ, ಅತ್ತಿ ಈ ಸೊಲ್ಲುಗಳನ್ನ ಒಂದಿನಾನೂ ಹಾಡಿಲ್ರಿ. ನಾ ಎಷ್ಟು ಸಲ ಕೇಳೀನಿ, ‘ಅವು ಅಕ್ಕನವು, ನನಗ ಬರಂಗಿಲ್ಲ’ ಅಂತಿದ್ರು,” ಎಂದಳು. ಕೊನೆಯ ಪ್ರಶ್ನೆಗೆ ಬಂದಾಗ ಮಾತ್ರ ಚಿಗವ್ವ ಬಹಳ ಹೊತ್ತು ಕಾದು ಕಣ್ಣು ತೆರೆದಳು. “ಇದು ಇನ್ನೂ ಬರವಲ್ದು. ಮುಂದಿನ ಸಲ ಹೇಳ್ತಾಳ.”

ಮರುದಿನ ಹಗಲು, ಖೂಬಾ ಪ್ಲಾಟಿನ ನನ್ನ ಕೋಣೆಯಲ್ಲಿ, ಹೊರಗೆ ತರಕಾರಿ ಗಾಡಿಯವನು ಕೂಗುತ್ತಿರುವಾಗ ಮುದ್ರಣವನ್ನು ಕೇಳಲು ಕೂತೆ. ಮೊದಲು ನಿರಾಶೆ: ಹಾಡಿನ ಉದ್ದಕ್ಕೂ ಟಪ್ ಟಪ್ ಎಂಬ ಸದ್ದು, ಅಲ್ಲಲ್ಲಿ ಅಕ್ಷರಗಳೇ ಮಾಯ, ಇಲಿ ತಿಂದ ಪುಟದಂತೆ. ಆಮೇಲೆ ಗಮನಿಸಿದೆ, ಪ್ರತಿ ಸೊಲ್ಲಿನ ಹಿಂದೆ ಇನ್ನೊಂದು ತೆಳ್ಳನೆಯ ದನಿಯಿತ್ತು. ಹೆಡ್‌ಫೋನಿನಿಂದ ಸೋರಿದ ಸದ್ದು ಮೈಕಿಗೆ ಮತ್ತೆ ಬಿದ್ದಿರಬೇಕೆಂದು ಸಮಾಧಾನ ಹೇಳಿಕೊಂಡೆ. ಹುಣಸಿ ಗಿಡದ ಸೊಲ್ಲು ಬಂತು. ಚಿಗವ್ವ ಕೇಳಿದಳು. ತೆಳ್ಳನೆಯ ದನಿ ಆ ಪ್ರಶ್ನೆಯನ್ನೇ ತಡವಾಗಿ ಹೇಳಿತು. ಆಮೇಲೆ, ಚಿಗವ್ವ ಬಾಯಿ ತೆರೆಯುವ ಮುಂಚೆ, ಅದೇ ದನಿ ಉತ್ತರದ ಮೊದಲ ಅಕ್ಷರವನ್ನು ಎತ್ತಿತು.

ಹಿಂದಕ್ಕೆ ಹೋಗಿ ಮತ್ತೆ ಕೇಳಿದೆ. ಎತ್ತಿತು. ಆಮೇಲೆ ನನಗೆ ಆ ಕೋಣೆಯಲ್ಲಿ ಒಬ್ಬನೇ ಕೂರಲಾಗಲಿಲ್ಲ. ಹೊರಗೆ ಹೋಗಿ ಬೇಡವಾದ ಬದನೆಕಾಯಿ ಕೊಂಡು ಬಂದೆ.

ನಸ್ರೀನ್ ಮೇಡಂ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವರು, ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಹಿರಿಯರು. ಭಾನುವಾರ ಬೆಳಿಗ್ಗೆ ಡಬ್ಬಿ ಹೊತ್ತು ಮೋಮಿನಪುರದ ಅವರ ಮನೆಗೆ ಹೋದೆ. ಅಂಗಳದ ದಿವಾನ್ ಮಂಚದ ಮೇಲೆ ಅದನ್ನಿಟ್ಟು, ಮುಚ್ಚಳ ತೆಗೆದು, ನನ್ನ ಶಸ್ತ್ರಚಿಕಿತ್ಸೆಯನ್ನು ನೋಡಿ ನಕ್ಕರು. “ಅರೆ ಸರ್, ಮೆಹಮಾನರನ್ನ ಕರದು ದನದ ಕೊಟ್ಟಿಗ್ಯಾಗ ಕುಂದ್ರಿಸೀರಿ!”

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ನಿಮಗೂ ಹೇಳಿಬಿಡುತ್ತೇನೆ. ಪ್ರೊಸೆಸರ್ ಎಂಬ ಯಜಮಾನನೂ ಕಾರ್ಡು ಎಂಬ ಅತಿಥಿಯೂ ಒಂದೇ ಮದರ್‌ಬೋರ್ಡಿನ ಮೇಲೆ, ಗೇಣು ದೂರದಲ್ಲಿ ಇರುತ್ತಾರೆ. ತಾಯಿಯ ಹೆಸರು ಹೊತ್ತ ಹಲಗೆಯಾದರೂ ಅದರ ಮಡಿಲಲ್ಲಿ ಎಲ್ಲರಿಗೂ ಒಂದೇ ಸ್ಥಾನವಿಲ್ಲ. ಕೆಲವು ಸ್ಲಾಟುಗಳಿಂದ ಪ್ರೊಸೆಸರಿಗೆ ನೇರವಾದ ಅಗಲ ಹಾದಿಯಿದೆ. ಮಿಕ್ಕವಕ್ಕೆ ಇನ್ನೊಂದು ಚಿಪ್ಪಿನ ಮನೆಯಂಗಳ ಹಾದು ಹೋಗುವ ಓಣಿ, ಅಲ್ಲಿ ಡಿಸ್ಕು ಇತ್ಯಾದಿಗಳ ನೂಕುನುಗ್ಗಲು. ನಾನು ಕಾರ್ಡನ್ನು ಓಣಿಯಲ್ಲಿ ಕೂರಿಸಿದ್ದೆ. ಸಾಲದೆಂಬಂತೆ, ಕಾರ್ಡನ್ನು ನಡೆಸಲೆಂದು ನಾನು ಹಾಕಿದ್ದ ಡ್ರೈವರ್ ಎಂಬ ಹಳೆಯ ತಂತ್ರಾಂಶದ ಪ್ರಕಾರ ಕಾರ್ಡಿನ ಬಳಿಯಿರುವ ಪ್ರತಿ ತುಣುಕು ದನಿಯನ್ನೂ ಪ್ರೊಸೆಸರೇ ಎದ್ದುಬಂದು ಒಯ್ಯಬೇಕಿತ್ತು, ದೊಡ್ಡ ಸಾಹೇಬರೇ ಗೇಟಿಗೆ ಬಂದು ಒಂದೊಂದು ಕಾಗದ ತೆಗೆದುಕೊಂಡು ಹೋಗುವ ಹಾಗೆ. ಹೊಸ ಡ್ರೈವರಿನಲ್ಲಿ ಕಾರ್ಡು ತಾನೇ ಕಟ್ಟು ಕಟ್ಟಿ ದನಿಯನ್ನು ನೇರವಾಗಿ ಮೆಮೊರಿಯಲ್ಲಿಟ್ಟು, ‘ಇಟ್ಟೀನ್ರಿ’ ಎಂದು ಒಂದು ಮಾತು ತಿಳಿಸಿದರಾಯಿತು. ಜೊತೆಗೆ ವಿದ್ಯುತ್ ಉಳಿಸಲೆಂದು ಆ ಹಾದಿ ಬಿಡುವಾದಾಗಲೆಲ್ಲ ತೂಕಡಿಸುವ ಏರ್ಪಾಡೂ ಇತ್ತು. ಪ್ರತಿ ಸಲ ಎಬ್ಬಿಸಲು ಒಂದಷ್ಟು ತಡ.

ಮೇಡಂ ಓಣಿಯ ಕಾರ್ಡನ್ನು ಹೆದ್ದಾರಿಗೆ ತಂದರು, ಹೊಸ ಡ್ರೈವರ್ ಹಾಕಿದರು, ತೂಕಡಿಕೆ ಬಿಡಿಸಿದರು. ಮೈಕಿನ ಮುಂದೆ ಚಿಟಿಕೆ ಹೊಡೆದರೆ ಹೆಡ್‌ಫೋನಿನಲ್ಲಿ ಆ ಕ್ಷಣವೇ ಚಿಟಿಕೆ. ನಾನು ಹಿಗ್ಗಿದೆ. ಆಮೇಲೆ ಹುಣಸಿ ಗಿಡದ ಸೊಲ್ಲನ್ನು ಕೇಳಿಸಿದೆ. ಅವರು ಎರಡು ಸಲ ಕೇಳಿದರು. “ಹಳೇ ತುಣುಕು ಮೆಮೊರಿಯಾಗ ಉಳದಿರಬೇಕು ಸರ್. ಕೆಲವೊಮ್ಮೆ ಮೊದಲ ಹಾಡಿದ್ದು ತಿರುಗಿ ಬಂದುಬಿಡ್ತದ.”

“ಆದರ ಆ ಉತ್ತರದ ಸೊಲ್ಲನ್ನ ಚಿಗವ್ವ ಅವತ್ತು ಅದಕ್ಕಿಂತ ಮೊದಲ ಹಾಡಿರಲಿಲ್ಲ ಮೇಡಂ.”

ಅವರು ಹೆಡ್‌ಫೋನ್ ತೆಗೆದಿಟ್ಟರು. “ತಡ ಆಗಬಹುದು ಸರ್, ಎಷ್ಟು ಬೇಕಾದ್ರೂ ತಡ ಆಗಬಹುದು. ಮುಂಚೆ ಬರಾಕ ಸಾಧ್ಯ ಇಲ್ಲ.” ಇಷ್ಟು ಹೇಳಿ, “ಮುಂದಿನ ವಾರ ನಾನೂ ಬರ್ತೀನಿ,” ಎಂದರು.

ಹೀಗೆ ನಾವಿಬ್ಬರೂ ವೇಗದ ಯಂತ್ರವನ್ನು ಹೊತ್ತು ಕಮಲಾಪುರಕ್ಕೆ ಹೋದೆವು. ಅದೇ ಕೋಣೆ, ಅದೇ ಮುಚ್ಚಿದ ಕಿಟಕಿ. ಚಿಗವ್ವ ಇಳಕಲ್ ಸೀರೆ ಉಟ್ಟು, ಯಾರೋ ಬರುವವರಿದ್ದಾರೆ ಎಂಬಂತೆ ತಲೆ ಬಾಚಿಕೊಂಡು ಕೂತಿದ್ದಳು. ಹೆಡ್‌ಫೋನ್ ಹಾಕಿದಳು, ಮೊದಲ ಪ್ರಶ್ನೆ ಹಾಡಿದಳು, ಕಾದಳು. ದನಿ ಆಕೆಯ ಬಾಯಿಯ ಜೊತೆಗೇ ಕಿವಿಗೆ ಬಂದು ಮುಗಿದಿತ್ತು. ಹಿಂದೆ ಏನೂ ಉಳಿದಿರಲಿಲ್ಲ. ಇನ್ನೊಮ್ಮೆ ಹಾಡಿದಳು. ಕಾದಳು. ಆಕೆ ಕಾಯುತ್ತಿದ್ದ ಆ ನಿಶ್ಶಬ್ದದಷ್ಟು ಶುದ್ಧವಾದ ಮುದ್ರಣ ನನ್ನ ಬಳಿ ಬೇರೊಂದಿಲ್ಲ. ಒಂದು ಟಪ್ ಸದ್ದೂ ಇಲ್ಲ.

“ಅಕ್ಕ ಎಲ್ಲಿ?” ಎಂದು ನನ್ನನ್ನು ಕೇಳಿದಳು. ನಾನು ಮೇಡಂ ಮುಖ ನೋಡಿದೆ.

“ಅಮ್ಮಾ, ಮಶೀನ್ ಸುಸ್ತ್ ಇತ್ತು. ಈಗ ತೇಜ್ ಮಾಡೀನಿ,” ಎಂದರು ನಸ್ರೀನ್.

“ತೇಜ್ ಮಾಡಿ ಆಕಿನ ಎಲ್ಲಿಗೆ ಕಳಿಸಿದಿ ಮಗಳ?”

ಸಿಟ್ಟಿನಲ್ಲಿ ಕೇಳಿದ್ದರೆ ಚೆನ್ನಾಗಿತ್ತು. ಊರಿಗೆ ಹೋದವರ ವಿಳಾಸ ಕೇಳುವ ಹಾಗೆ ಕೇಳಿದಳು. ಅವತ್ತು ಒಂದು ಉತ್ತರವೂ ಬರಲಿಲ್ಲ, ಹಿಂದಿನ ವಾರ ನೀರಿನಂತೆ ಹಾಡಿದ್ದವು ಕೂಡ.

ಎರಡು ದಿನ ಬಿಟ್ಟು ಭಾಗ್ಯಳ ಫೋನು ಬಂತು. “ಭಾವನೋರ, ಅತ್ತಿ ನಮ್ಮ ಜೋಡಿ ಮಾತಾಡವಲ್ರು. ಅಕ್ಕಿ ಆರಿಸ್ತಾ ಕುಂತು, ಮೂಲಿ ಕಡೆ ನೋಡಿ ಪದ ಕೇಳ್ತಾರ. ಕೇಳಿ ಸುಮ್ಮನ ಕಾಯ್ತಾರ. ಹಂಗ ಕಾಯೂದು ನೋಡಾಕ ನನಗ ಅಂಜಿಕಿ ಬರಾಕತ್ತದ. ನಿನ್ನೆ ನಾ ಏನೋ ಒಂದು ಜವಾಬು ಹಾಡೀನ್ರಿ, ಸುಮ್ಮನಾಗಲಿ ಅಂತ. ನನ್ನ ಕಡೆ ತಿರುಗಿ, ‘ನಡುವ ಬರಬ್ಯಾಡ, ಆಕಿ ಹಾದ್ಯಾಗ ಅದಾಳ’ ಅಂದ್ರು.”

ವಿಷಯವನ್ನು ನಸ್ರೀನ್ ಮೇಡಂಗೆ ತಿಳಿಸಿದೆ. “ತಡಾನೇ ಬೇಕಲ್ಲ ಸರ್, ಅದು ಸುಲಭ. ಕಾರ್ಡ್ ಮುಟ್ಟೋದು ಬ್ಯಾಡ, ಇಂತಿಷ್ಟು ತಡ ಮಾಡು ಅಂತ ಸಾಫ್ಟ್‌ವೇರಿಗೆ ಹೇಳಿದ್ರ ಆಯ್ತು,” ಎಂದರು. ಹಾಗೇ ಮಾಡಿ ಮತ್ತೆ ಕಮಲಾಪುರಕ್ಕೆ ಹೋದೆವು. ಚಿಗವ್ವ ಆಸೆಯಿಂದ ಹೆಡ್‌ಫೋನ್ ಹಾಕಿ, ಒಂದು ಸೊಲ್ಲು ಹಾಡಿ ಕೇಳಿದಳು; ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿದಳು; ಮೂರನೆಯದಕ್ಕೆ ಅದನ್ನು ಕಿತ್ತು ಮಡಿಲಲ್ಲಿ ಹಾಕಿಕೊಂಡಳು.

“ಇಕಿ ಅಕ್ಕ ಅಲ್ಲ. ಇಕಿ ಯಾರೋ ನನ್ನ ಅಣಕಸ್ತಾಳ. ಇಕಿಗೆ ಉಸಿರಿಲ್ಲ.”

ನಸ್ರೀನ್ ಚಹಾದ ಬಸಿ ಕೆಳಗಿಟ್ಟು ಎದ್ದರು. ಹೊರಗೆ ತೋಟದ ಅಂಚಿಗೆ ಬಂದು ನಿಂತಾಗ ಅವರು ತಗ್ಗಿದ ದನಿಯಲ್ಲಿ ಹೇಳಿದರು: “ಖರೇ ಹೇಳಿದ್ರು ಸರ್. ನಾ ಮಾಡಿದ್ದು ಬರಾಬರ್ ಒಂದೇ ಅಳತಿ ತಡ. ಮೊದಲಿನದು ಹಂಗಿರಲಿಲ್ಲ. ಡಿಸ್ಕು ನಡುವ ಬಂದ್ರ ಹೆಚ್ಚು ತಡ, ಹಾದಿ ಎಚ್ಚರ ಇದ್ರ ಕಡಿಮಿ ತಡ. ಒಮ್ಮೆ ಬೇಗ, ಒಮ್ಮೆ ನಿಧಾನ. ಮನುಷ್ಯಾರು ಹಾಡಿದಂಗ.” ಬಾಳೆಯ ಎಲೆಯೊಂದನ್ನು ಹಿಡಿದು, ಬಿಟ್ಟು, “ನಮ್ಮ ಓದಿನ್ಯಾಗ ಅದಕ್ಕ ದೋಷ ಅಂತಾರ,” ಎಂದರು. ಅವರ ಚೀಲದಲ್ಲಿ ಸ್ಕ್ರೂ ಬಿಚ್ಚುವ ತಿರುಪುಳಿ ಇತ್ತು. ಒಳಗೆ ಹೋಗಿ, ಚಿಗವ್ವನ ಎದುರಲ್ಲೇ ಡಬ್ಬಿ ಬಿಚ್ಚಿ, ಕಾರ್ಡನ್ನು ಹೆದ್ದಾರಿಯಿಂದ ಕಿತ್ತು ಮತ್ತೆ ಓಣಿಗೆ ಹಾಕಿದರು. ಹಳೆಯ ಡ್ರೈವರನ್ನು ಮರಳಿ ಕೂರಿಸಿದರು. ತೂಕಡಿಕೆಯನ್ನೂ ಬಿಡದೆ ಹಿಂದಿರುಗಿಸಿದರು. “ಎಲ್ಲಾರೂ ನನ್ನ ಹತ್ರ ಮಶೀನ್ ತೇಜ್ ಮಾಡಿಸಾಕ ಬರ್ತಾರ ಅಮ್ಮಾ. ಸುಸ್ತ್ ಮಾಡಿಸಿದಾಕಿ ನೀವೊಬ್ಬರೇ ನೋಡ್ರಿ,” ಎಂದರು. ಈ ಡಬ್ಬಿ ಮತ್ತೆ ಅಕ್ಷರ ನುಂಗುತ್ತದೆಂದು ನನ್ನ ಚಿಂತೆ. ಅವರು ತಮ್ಮ ಮೊಬೈಲನ್ನು ಮಂಚದ ಮೇಲಿಟ್ಟು ರೆಕಾರ್ಡಿಗೆ ಒತ್ತಿದರು. ದನಿ ಹಿಡಿಯುವ ಕೆಲಸ ಅದರದು. ನನ್ನ ಇಷ್ಟೆಲ್ಲ ವೈಭವದ ಯಂತ್ರಕ್ಕೆ ಉಳಿದದ್ದು ತಡ ಮಾಡುವ ಕೆಲಸವೊಂದೇ.

ಬಿಸಿಲು ಇಳಿಯುತ್ತಿತ್ತು. ಚಿಗವ್ವ ಹಾಡಿದಳು. ಕಾದಳು. ಮುಖ ಸಡಿಲಾಯಿತು. ಏನೂ ಅನ್ನದೆ ಉತ್ತರ ಹಾಡಿದಳು. ಹಳ್ಳ ದಾಟಿದಳು, ಹುಣಸಿ ಗಿಡ ದಾಟಿದಳು. ಎಲೆಗಳ ಸದ್ದು ನಿಂತಿತ್ತೋ ನಮಗೆ ಕೇಳಿಸುತ್ತಿರಲಿಲ್ಲವೋ ಗೊತ್ತಿಲ್ಲ. ಒಂದೊಂದು ಸೊಲ್ಲಿಗೂ ಯಂತ್ರ ಹೆಚ್ಚುಹೆಚ್ಚು ತಡ ಮಾಡುತ್ತ ಹೋಯಿತು. ಪ್ರಶ್ನೆ ಎಲ್ಲಿಗೋ ಹೋಗಿ, ಯಾರನ್ನೋ ಕೇಳಿ, ದಾರಿ ಹಿಡಿದು ಬರುತ್ತಿದೆ ಎಂಬಂತೆ. ಮಾತಿಗೂ ಅದು ಕಿವಿಗೆ ಬೀಳುವುದಕ್ಕೂ ನಡುವೆ ನಾವು ಸಾಮಾನ್ಯವಾಗಿ ಎಡೆಯನ್ನೇ ಬಿಡುವುದಿಲ್ಲ. ಆ ಎಡೆಯಲ್ಲಿ ಯಾರು ಬಂದು ಕೂರಬಹುದೆಂದು ನಾನು ಅವತ್ತಿನವರೆಗೆ ಯೋಚಿಸಿರಲಿಲ್ಲ.

ಕೊನೆಯ ಪ್ರಶ್ನೆ. ಚಿಗವ್ವ ಹಾಡಿ ಕಾದಳು, ಬಹಳ ಹೊತ್ತು. ಭಾಗ್ಯ ಬಾಗಿಲ ಚೌಕಟ್ಟನ್ನು ಹಿಡಿದಿದ್ದಳು. ಆಮೇಲೆ ಚಿಗವ್ವ ಕಣ್ಣು ತೆರೆಯದೆ, ಎಂದಿಗಿಂತ ತಗ್ಗಿದ ದನಿಯಲ್ಲಿ ಹಾಡಿದಳು:

“ಮುಂದಿನ ಹಾದಿ ನಿಂದ ತಂಗಿ, ಹಿಂದ ನೆಳ್ಳಾಗಿ ನಾನಿದ್ದೀನಿ.”

ಆ ಸೊಲ್ಲು ತಡವಾಗಿ ತನ್ನ ಕಿವಿಗೆ ಬರುವವರೆಗೂ ಅಲುಗಾಡದೆ ಕೂತಿದ್ದಳು. “ಇದೇ ನೋಡು ಬಸೂ, ಇದೇ ಮರತಿದ್ದೆ,” ಎಂದು ನನಗೆ ಹೇಳಿ, ಮೈಕಿನ ಕಡೆ ಬಾಗಿ, “ಸಾಕು ಅಕ್ಕ. ಭಾಳ ದಣದಿ. ಹೋಗಿ ಬಾ,” ಎನ್ನುತ್ತಲೇ ಹೆಡ್‌ಫೋನ್ ತೆಗೆದು ನನ್ನ ಪಕ್ಕದಲ್ಲಿಟ್ಟು, ಎದ್ದು, ಸೊಸೆಯ ಹೆಗಲು ಹಿಡಿದು ಅಡುಗೆ ಮನೆಯ ಕಡೆ ನಡೆದಳು.

ಮಂಚದ ಮೇಲೆ ಬೋರಲು ಬಿದ್ದಿದ್ದ ಹೆಡ್‌ಫೋನಿನಿಂದ ಸಣ್ಣಗೆ ದನಿ ಬಂತು.

“ಹೋಗಿ ಬಾ.”

ನಾನು ಕಾಲೇಜಿಗೆ ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತು ಅನ್ನುತ್ತಿದ್ದುದು ಇದನ್ನೇ, ‘ಬಾ’ ಎಂಬುದನ್ನು ತುಸು ಎಳೆದು, ಇದೇ ಏರಿಳಿತದಲ್ಲಿ. ಮೊಬೈಲ್ ನಿಲ್ಲಿಸಲು ಚಾಚಿದ್ದ ನಸ್ರೀನರ ಕೈ ಗಾಳಿಯಲ್ಲೇ ನಿಂತಿತು. ಅದು ಚಿಗವ್ವನ ದನಿಯೆಂದೂ, ಓಣಿಯಲ್ಲಿ ಸಿಕ್ಕಿಕೊಂಡ ಕೊನೆಯ ಎರಡು ಮಾತೆಂದೂ ನನಗೆ ಗೊತ್ತಿತ್ತು, ಕಪ್ಪು ಹಲಗೆಯ ಮೇಲೆ ಬರೆದು ತೋರಿಸಬಲ್ಲಷ್ಟು ಖಚಿತವಾಗಿ ಗೊತ್ತಿತ್ತು.

“ಹೂಂ, ಅವ್ವ,” ಎಂದೆ.

ಮೇಡಂ ಮೊಬೈಲ್ ಒತ್ತಿದ್ದು ಆಮೇಲೆ. ನನ್ನ ಹೂಂಕಾರವೂ ಆ ಮುದ್ರಣದಲ್ಲಿ ಉಳಿದಿದೆ. ಕತ್ತರಿಸಲೇ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಿಗವ್ವ ಮತ್ತೆಂದೂ ಹೆಡ್‌ಫೋನ್ ಬೇಕೆಂದು ಕೇಳಿಲ್ಲ, ಮೂಲೆಯ ಕಡೆ ತಿರುಗಿ ಹಾಡಿಯೂ ಇಲ್ಲ. ಈಗ ಭಾಗ್ಯಳಿಗೆ ಪದ ಕಲಿಸುತ್ತಿದ್ದಾಳೆ. ಕೇಳುವ ಸೊಲ್ಲುಗಳು ಭಾಗ್ಯಳವು, ಹೇಳುವ ಸೊಲ್ಲುಗಳು ಚಿಗವ್ವನವು. ಭಾಗ್ಯ ಕೇಳಿದ ಮೇಲೆ ಚಿಗವ್ವ ಒಡನೆಯೇ ಹಾಡುವುದಿಲ್ಲವಂತೆ. ಕೈಯೆತ್ತಿ ತುಸು ತಡೆಯೆಂದು ಸನ್ನೆ ಮಾಡುತ್ತಾಳಂತೆ. ಆ ಗಳಿಗೆಯಲ್ಲಿ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.